ನಿವ್ವಳ

ಖೋರ್ ಖುವೈರಿನ ಕಲ್ಲುಗಣಿಯ ಗೇಟಿಗೆ ಅಂಟಿಕೊಂಡು
ನನ್ನದೊಂದು ತಗಡಿನ ಗೂಡು. ಅದರ ಮುಂದೆ ತೂಕದ ಸೇತುವೆ.
ತುಂಬಿದ ಲಾರಿಯಲ್ಲಿ ಖಾಲಿ ಲಾರಿ ಕಳೆದರೆ
ಉಳಿದದ್ದು ಕಲ್ಲು.
ರಾತ್ರಿಯಿಡೀ ಇದೊಂದೇ ಲೆಕ್ಕ.

ಹಿಂದೆ ಬೆಟ್ಟ, ಮುಂದೆ ಬಂದರಿನ ದೀಪ, ಅದರಾಚೆ ಕಪ್ಪು ಕೊಲ್ಲಿ.
ನಡುವೆ ಕ್ರಷರು ಜರಡಿ ಅಲ್ಲಾಡಿಸುತ್ತಲೇ ಇರುತ್ತದೆ:
ನಲವತ್ತು ಎಂ.ಎಂ., ಇಪ್ಪತ್ತು, ಹತ್ತು, ಕೊನೆಗೆ ಹುಡಿ.
ಒಡೆಯದ ಕಲ್ಲು ಅಂತ ಇಲ್ಲಿ ಒಂದೂ ಕಂಡಿಲ್ಲ.
ನನ್ನ ಸೇತುವೆಗೂ ಇಪ್ಪತ್ತರ ಮಗ್ಗಿಯೊಂದೇ ಬಾಯಿಪಾಠ;
ಇಪ್ಪತ್ತು ಕಿಲೋ, ನಲವತ್ತು, ಅರವತ್ತು.
ಅವಿಭಾಜ್ಯವಾದ ಅಂಕಿ ಅದರ ಕೆಂಪು ಮುಖದಲ್ಲಿ
ಎಂದೂ ಮೂಡುವುದಿಲ್ಲ.

ಚೀಟಿಯ ನಂಬರಿಗೆ ಆ ಕಟ್ಟಳೆಯಿಲ್ಲ.
ರಂಜಾನಿಗೆ ಒಂದು ವಾರ ಮುಂಚೆ, ಗುಲ್ ಜಮಾನನ ಲಾರಿಗೆ
ಮೆಷಿನ್ನು ಉಗುಳಿದ್ದು ೭೩೯೩೯೧೩೩.
ಊರ ಕಡೆಯ ಬಾಯಲ್ಲಿ ಓದಿದೆ:
ಏಳು ಕೋಟಿ, ಮೂವತ್ತೊಂಬತ್ತು ಲಕ್ಷ,
ಮತ್ತೆ ಮೂವತ್ತೊಂಬತ್ತು ಸಾವಿರದ
ನೂರ ಮೂವತ್ತಮೂರು.
ಅಕ್ಕಪಕ್ಕ ಒಂದೇ ಥರದ ಎರಡು ಬಾಗಿಲು.
ಬಡಿದು ನೋಡೋಣ ಅನಿಸಿತು.

ಮೂರರಲ್ಲಿ ಭಾಗಿಸಿದೆ: ಎರಡು ಉಳಿಯಿತು.
ಏಳರಲ್ಲೂ ಎರಡೇ.
ಹನ್ನೊಂದಕ್ಕೆ ನಾಲ್ಕು, ಹದಿಮೂರಕ್ಕೆ ಎಂಟು.
ಹದಿನೇಳರ ಮಗ್ಗಿ ನನ್ನ ಅಂಗೈಗೆ ಬೆತ್ತ ಕಲಿಸಿದ್ದು;
ಅದನ್ನೂ ಕರೆತಂದೆ.
ಹದಿಮೂರು ಕೈಗಿಟ್ಟು ವಾಪಸು ಕಳಿಸಿತು.
ಎಂಟು ಸಾವಿರದ ಐನೂರ ತೊಂಬತ್ತೆಂಟರ ತನಕ ನೋಡಿದರೆ ಸಾಕು,
ಅದರಾಚೆ ಯಾರಾದರೂ ಅಡಗಿದ್ದರೆ
ಅವರ ಜೋಡಿ ಈಚೆಯಲ್ಲೇ ಸಿಕ್ಕಿರುತ್ತದೆ.
ಲಾರಿ ಲಾರಿಯ ನಡುವೆ, ಹಳೆ ಚೀಟಿಗಳ ಬೆನ್ನ ಮೇಲೆ,
ಧೂಳು ಕೂತ ಕ್ಯಾಲ್ಕುಲೇಟರಿನಲ್ಲಿ
ಇಪ್ಪತ್ತಾರು ರಾತ್ರಿ.
ಪ್ರತಿ ಸಲವೂ ಶೇಷ.
ಸೊನ್ನೆ ಬರಲೇ ಇಲ್ಲ.

ಆಮೇಲೊಂದು ರಾತ್ರಿ ಚಹಾದ ಲೋಟ ಜಾರಿ
ಕೊನೆಯ ಮೂರು ಅಳಿಸಿಹೋಯಿತು.
ಉಳಿದ ಏಳು ಅಂಕಿಯನ್ನು ಸುಮ್ಮನೆ ಬಡಿದು ನೋಡಿದೆ.
ಅದೂ ಒಡೆಯಲಿಲ್ಲ.
ಹೆಬ್ಬೆರಳು ಅಡ್ಡವಿಟ್ಟು ಇನ್ನೊಂದು ಮರೆಮಾಡಿದೆ,
೭೩೯೩೯೧, ಅದೂ ಹಾಗೇ.
೭೩೯೩೯.
೭೩೯೩.
ಬಲದಿಂದ ಒಂದೊಂದೇ ಉದುರಿದರೂ
ನಿಂತದ್ದು ಒಡೆಯುವುದಿಲ್ಲ; ಕೊನೆಗೆ
ಏಳು, ಒಂಟಿ.

ಗುಲ್ ಜಮಾನನಿಗೆ ತೋರಿಸಿದೆ.
ಹಿಂಬಾಗಿಲ ಕೊಂಡಿಗೆ ಎರಡು ಬೆರಳು ಕೊಟ್ಟ ಬಲಗೈಯನ್ನು
ಚೀಟಿಯ ಮೇಲಿಟ್ಟ.
ಬೆರಳಿಲ್ಲದ ಕಡೆ ೯ ಮತ್ತು ೧ ಇಣುಕಿದವು.
"ಯಾವುದರಿಂದಲೂ ಭಾಗ ಹೋಗುವುದಿಲ್ಲವೇ?"
ಒಂದರಿಂದ ಹೋಗುತ್ತದೆ, ಮತ್ತೆ ತನ್ನಿಂದ ತಾನೇ.
"ಹಾಗೆ ಹೇಳು. ಒಬ್ಬನಿಗೆ ಬಗ್ಗುತ್ತದೆ.
ಇದಕ್ಕೆ ಬೆಲೆ ಎಷ್ಟು?"
ಏನೂ ಇಲ್ಲ ಅಂದೆ.
"ಹಾಗಾದರೆ ಕಂಪನಿಗೆ ಹೇಳಬೇಡ."

ಬಲಕ್ಕೆ ಒಂಬತ್ತನೆಯ ಅಂಕಿಯೊಂದನ್ನು ಕೂಡಿಸೋಣವೆಂದೂ ಹೆಣಗಿದೆ.
ಸರಿ ಅಂಕಿ ಎರಡರ ಪಾಲು,
ಸೊನ್ನೆ, ಐದು ಎರಡೂ ಐದರ ಪಾಲು,
ಒಂದು, ಏಳು ಇಟ್ಟರೆ ಮೂರರ ಬಾಯಿಗೆ.
ಮೂರು, ಒಂಬತ್ತು ಬಹಳ ದಿನ ಆಸೆ ತೋರಿಸಿದವು,
ಬೇಸಿಗೆ ಕಳೆಯುವುದರೊಳಗೆ ಅವೂ ಸೀಳಿದವು.
ಕಳೆದುಕೊಳ್ಳಲು ಬಲ್ಲ ಆ ನಂಬರಿಗೆ
ಪಡೆದುಕೊಳ್ಳುವುದು ಗೊತ್ತಿರಲಿಲ್ಲ.

ಡಿಸೆಂಬರಿನಲ್ಲಿ ಗುಲ್ ಜಮಾನನ ವೀಸಾ ಮುಗಿಯಿತು.
ಕೊನೆಯ ಟ್ರಿಪ್ಪಿನ ಕಲ್ಲು ಇಳಿಸಿ ಬಂದವನು
ಲಾರಿ ಪಕ್ಕಕ್ಕೆ ಹಾಕಿ, ಚಪ್ಪಲಿ ಕಳಚಿ,
ಬರಿಗಾಲಲ್ಲಿ ಸೇತುವೆ ಹತ್ತಿ ನಡುವೆ ನಿಂತ.
ಮೈಲುದ್ದದ ಆ ಕಬ್ಬಿಣದ ಮೇಲೆ ಒಬ್ಬ ಮನುಷ್ಯ.
"ಎಷ್ಟು?" ಕೂಗಿದ.
ಎಂಬತ್ತು.
ಬಲಗೈ ಎತ್ತಿ, ಉಳಿದ ಮೂರು ಬೆರಳು ಬಿಡಿಸಿ ನಕ್ಕ:
"ಬಂದಾಗಲೂ ಅಷ್ಟೇ ಇತ್ತು! ನಿನ್ನ ಯಂತ್ರ ಸುಳ್ಳು ಹೇಳುತ್ತದೆ."

ಚೀಟಿ ಕೇಳಿದ. ಕೊಟ್ಟೆ.
ಅದರ ನಂಬರು ನಾನು ನೋಡಿಕೊಳ್ಳಲಿಲ್ಲ.